ಪ್ಲೇನ್ ಪ್ಯಾಂಟು ಹೊಲಿಸುವ ಮುಂಚೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ಲೇನ್ ಪ್ಯಾಂಟಿಗೂ ಆಫೀಸಿಗೆ ಹಾಕುವ ಮಾಮೂಲಿ ಫಾರ್ಮಲ್ ಪ್ಯಾಂಟಿಗೂ ಏನು ವ್ಯತ್ಯಾಸ?

ನೋಡಲು ಎರಡೂ ಹತ್ತಿರದ ನೆಂಟರೇ. ಪ್ಲೇನ್ ಪ್ಯಾಂಟಿನಲ್ಲಿ ಹೊರಗೆ ಕಾಣುವ ಹೊಲಿಗೆ ಇರುವುದಿಲ್ಲ, ಜೇಬಿನ ಬಾಯಿ ಸೈಡ್ ಹೊಲಿಗೆಯೊಳಗೇ ಅಡಗಿರುತ್ತದೆ, ಸೊಂಟದಲ್ಲಿ ಗುಂಡಿಯ ಬದಲು ಒಳಗೆ ಹುಕ್ಕು ಕೂತಿರುತ್ತದೆ, ಬೆಲ್ಟ್ ಲೂಪ್ ಬಹಳ ಸಲ ಇರುವುದೇ ಇಲ್ಲ. ಜೀನ್ಸ್‌ನಲ್ಲಿ ಕಿತ್ತಳೆ ನೂಲಿನ ಜೋಡಿ ಹೊಲಿಗೆ, ತಾಮ್ರದ ರಿವೆಟ್ಟು, ಬಣ್ಣ ಕೆರೆದ ಗುರುತು ಇವೆಲ್ಲ ಕಣ್ಣನ್ನು ಅಲ್ಲಲ್ಲೇ ಹಿಡಿದು ನಿಲ್ಲಿಸುತ್ತವೆ. ಕಟಿಂಗ್ ಅರ್ಧ ಇಂಚು ತಪ್ಪಿದ್ದರೂ ಯಾರಿಗೂ ತಿಳಿಯದು. ಪ್ಲೇನ್ ಪ್ಯಾಂಟಿನಲ್ಲಿ ಮರೆಮಾಚಲು ಏನೂ ಇಲ್ಲ. ಹಾಗಾಗಿ ದುಡ್ಡೂ ಗಮನವೂ ಬಟ್ಟೆ, ಕಟಿಂಗ್, ಇಸ್ತ್ರಿ ಈ ಮೂರಕ್ಕೇ ಹೋಗಬೇಕು.

ಈ ಬಗೆಯ ಉಡುಗೆಗೆ 1990ರ ದಶಕದಲ್ಲಿ ಹೆಸರು ತಂದ ವಿನ್ಯಾಸಕರಲ್ಲಿ ಜರ್ಮನಿಯ ಜಿಲ್ ಸ್ಯಾಂಡರ್, ಆಸ್ಟ್ರಿಯಾದ ಹೆಲ್ಮುಟ್ ಲ್ಯಾಂಗ್ ಮುಖ್ಯರು. 2008ರಲ್ಲಿ ಪ್ಯಾರಿಸ್ಸಿನ ಸೆಲೀನ್ ಸಂಸ್ಥೆ ಸೇರಿದ ಫೀಬಿ ಫೈಲೋ, ಹೆಂಗಸರ ಸಾದಾ ಪ್ಯಾಂಟಿಗೆ ಮತ್ತೆ ಮರ್ಯಾದೆ ತಂದರು. 2023ರಲ್ಲಿ ‘ಕ್ವೈಟ್ ಲಕ್ಷುರಿ’ ಎಂಬ ಹೆಸರಿನಲ್ಲಿ ಇನ್‌ಸ್ಟಾಗ್ರಾಂ ತುಂಬ ಓಡಾಡಿದ್ದೂ ಇದೇ ಸರಕು. ನಿಮ್ಮ ಬೀದಿ ಕೊನೆಯ ಟೈಲರಿಗೆ ಇದರಲ್ಲಿ ಗೊತ್ತಿಲ್ಲದ್ದೇನೂ ಇಲ್ಲ. ನಾವು ಕೇಳುವ ರೀತಿ ಸರಿ ಇರಬೇಕು, ಅಷ್ಟೆ.

ರೆಡಿಮೇಡ್ ತಗೊಳ್ಳೋದಾ, ಹೊಲಿಸೋದಾ?

ಸೊಂಟಕ್ಕೂ ಸೀಟಿಗೂ (ಪೃಷ್ಠದ ಸುತ್ತಳತೆಗೆ ಟೈಲರುಗಳು ಹೇಳುವ ಮಾತು) ಇರುವ ಅಂತರ ನೋಡಿಕೊಳ್ಳಿ. ಗಂಡಸರಲ್ಲಿ ಅದು 5-7 ಇಂಚಿನೊಳಗಿದ್ದರೆ ರೆಡಿಮೇಡ್ ಸಾಮಾನ್ಯವಾಗಿ ಕೂರುತ್ತದೆ. ಬಾಟಮ್ (ಕಾಲಿನ ಕೆಳತುದಿ) ಮಡಿಸಿದರೆ ಮುಗಿಯಿತು. ಅಂತರ ಅದಕ್ಕಿಂತ ಜಾಸ್ತಿ ಇದ್ದರೆ, ಹೊಟ್ಟೆ ಮುಂದಿದ್ದು ಸೀಟು ಚಪ್ಪಟೆ ಇದ್ದರೆ, ಅಥವಾ ತೊಡೆ ದಪ್ಪಗಿದ್ದು ಸೊಂಟ ಸಣ್ಣಗಿದ್ದರೆ ಹೊಲಿಸಿಯೇ ಬಿಡಿ. ಅಂಗಡಿಯಲ್ಲಿ ಹತ್ತು ಪ್ಯಾಂಟು ಹಾಕಿ ತೆಗೆದು ಸುಸ್ತಾಗುವುದು ತಪ್ಪುತ್ತದೆ.

ಬಟ್ಟೆ ಎಷ್ಟು ಮೀಟರ್ ಬೇಕು?

ಪ್ಯಾಂಟ್ ಪೀಸಿನ ಅಗಲ ಸಾಮಾನ್ಯವಾಗಿ 58 ಇಂಚು. ಸೀಟು 40ರೊಳಗಿದ್ದು, ಪ್ಲೀಟ್ (ಮುಂದೆ ಸೊಂಟದ ಕೆಳಗೆ ಹಾಕುವ ನೆರಿಗೆ) ಇಲ್ಲದ ಪ್ಯಾಂಟಾದರೆ 1.2 ಮೀಟರ್ ಸಾಕು. ಲೆಕ್ಕ ಹೀಗೆ: ಪ್ಯಾಂಟಿನ ಉದ್ದ 40 ಇಂಚು, ಬಾಟಮ್ ಮಡಿಕೆಗೆ 2.5, ಮೇಲಿನ ಹೊಲಿಗೆಗೆ ಅರ್ಧ, ಒಟ್ಟು 43. ಒಂದು ಕಾಲಿಗೆ ಮುಂದಿನ ತುಂಡು, ಹಿಂದಿನ ತುಂಡು ಸೇರಿ ಅಗಲದಲ್ಲಿ ಸುಮಾರು 29 ಇಂಚು ಬೇಕು. 58 ಇಂಚಿನಲ್ಲಿ ಎರಡು ಕಾಲೂ ಅಕ್ಕಪಕ್ಕ ಕೂರುತ್ತವೆ, ಉಳಿದ ಸಂದಿಗಳಲ್ಲಿ ಸೊಂಟಪಟ್ಟಿ, ಜಿಪ್ ಪಟ್ಟಿ ಹೊರಡುತ್ತವೆ.

ಪ್ಲೀಟ್ ಬೇಕು, ಸೊಂಟ ಮೇಲೆ ಬರಬೇಕು, ಕಾಲು ಅಗಲ ಇರಬೇಕು ಅಂದರೆ 1.4ರಿಂದ 1.5 ಮೀಟರ್ ತೆಗೆದುಕೊಳ್ಳಿ. ಸೀಟು 44 ದಾಟಿದರೆ 1.6. ಬಾಟಮ್ ಹೊರಕ್ಕೆ ಮಡಿಸಿದ ಕಫ್ ಇಷ್ಟವಾದರೆ ಇನ್ನೊಂದು 10 ಸೆಂಟಿಮೀಟರ್ ಸೇರಿಸಿ.

36 ಅಥವಾ 44 ಇಂಚು ಅಗಲದ ಕೈಮಗ್ಗದ ಬಟ್ಟೆಯಲ್ಲಿ ಒಂದು ಉದ್ದಕ್ಕೆ ಒಂದೇ ಕಾಲು ಹೊರಡುತ್ತದೆ. ಅಂದರೆ ಉದ್ದ ಎರಡು ಪಟ್ಟು: 2.25ರಿಂದ 2.5 ಮೀಟರ್. ಇಲ್ಲಿ ಎಷ್ಟೋ ಜನ ಎಡವುತ್ತಾರೆ. 58 ಇಂಚಿನ ಲೆಕ್ಕ ತಲೆಯಲ್ಲಿಟ್ಟುಕೊಂಡು 36 ಇಂಚಿನ ಬಟ್ಟೆ ಒಂದೂವರೆ ಮೀಟರ್ ತಂದರೆ ಟೈಲರು ಅದರಲ್ಲಿ ಚಡ್ಡಿ ಹೊಲಿದು ಕೊಡಬಹುದು, ಅಷ್ಟೇ.

ಯಾವ ಬಟ್ಟೆ ತೆಗೆದುಕೊಂಡರೆ ಚೆನ್ನಾಗಿ ಬೀಳುತ್ತದೆ?

ಬೀಳುವುದು, ಅಂದರೆ ಸೊಂಟದಿಂದ ಪಾದದವರೆಗೆ ಬಟ್ಟೆ ಸುಕ್ಕಿಲ್ಲದೆ ಇಳಿಯುವುದು, ತೂಕದ ಮೇಲೆ ನಿಂತಿದೆ. ಒಂದು ಚದರ ಮೀಟರ್ ಬಟ್ಟೆಯ ತೂಕ ಎಷ್ಟು ಗ್ರಾಂ ಎಂಬುದೇ ಜಿಎಸ್‌ಎಂ. ನಮ್ಮ ಹವೆಗೆ 220ರಿಂದ 280 ಜಿಎಸ್‌ಎಂ ಒಳ್ಳೆಯದು. 180ಕ್ಕಿಂತ ತೆಳುವಾದರೆ ಶರ್ಟಿನ ಬಟ್ಟೆಯ ಹಾಗೆ ಗಾಳಿಗೆ ಹಾರಿ ಕಾಲಿಗೆ ಅಂಟಿಕೊಳ್ಳುತ್ತದೆ, ತಿಳಿಬಣ್ಣವಾದರೆ ಜೇಬಿನ ಚೀಲವೂ ಹೊರಗೆ ಕಾಣುತ್ತದೆ. 300 ದಾಟಿದರೆ ಏಪ್ರಿಲ್‌ನಲ್ಲಿ ಕಲಬುರಗಿ, ರಾಯಚೂರಿನಲ್ಲಿ ತೊಡುವ ಮಾತೇ ಬೇಡ.

ಪಾಲಿಯೆಸ್ಟರ್-ವಿಸ್ಕೋಸ್ ಮಿಶ್ರಣ ಪೇಟೆಯಲ್ಲಿ ಹೆಚ್ಚು ಸಿಗುವ ಸರಕು. ಕ್ರೀಸ್ (ಕಾಲಿನ ನಡುವಿನ ಇಸ್ತ್ರಿ ಗೆರೆ) ನಿಲ್ಲುತ್ತದೆ, ಸುಕ್ಕು ಕಡಿಮೆ, ಬೆಲೆಯೂ ಕೈಗೆಟುಕುತ್ತದೆ. ಪಾಲಿಯೆಸ್ಟರ್ ಪಾಲು ಹೆಚ್ಚಾದಷ್ಟೂ ಬೆವರು, ಹೊಳಪು ಎರಡೂ ಹೆಚ್ಚು. ಬಟ್ಟೆಯನ್ನು ಓರೆಯಾಗಿ ಹಿಡಿದು ಬೆಳಕಿಗೆ ಒಡ್ಡಿ. ಮಿಣಮಿಣ ಹೊಳೆದರೆ ಅಲ್ಲೇ ಬಿಟ್ಟುಬಿಡಿ. ಪ್ಲೇನ್ ಪ್ಯಾಂಟಿಗೆ ಹೊಳಪಿನಷ್ಟು ದೊಡ್ಡ ಶತ್ರು ಬೇರೆ ಇಲ್ಲ.

ಉಣ್ಣೆ ಅಂದ ಕೂಡಲೇ ಸ್ವೆಟರ್ ನೆನಪಾಗುತ್ತದೆ. ಆದರೆ ಟ್ರಾಪಿಕಲ್ ವುಲ್ ಎಂಬ ತೆಳು ನೇಯ್ಗೆಯ ಉಣ್ಣೆ ಬೆಂಗಳೂರು, ಮೈಸೂರಿನ ಹವೆಗೆ ಬಹುಶಃ ಎಲ್ಲಕ್ಕಿಂತ ಒಳ್ಳೆಯ ಪ್ಯಾಂಟ್ ಬಟ್ಟೆ. ಗಾಳಿಯಾಡುತ್ತದೆ, ರಾತ್ರಿ ನೇತುಹಾಕಿದರೆ ಬೆಳಗ್ಗೆಗೆ ಸುಕ್ಕು ತಾನೇ ಇಳಿದಿರುತ್ತದೆ. ದುಬಾರಿ ಎನ್ನುವುದೊಂದೇ ದೂರು. ಪೂರ್ತಿ ಉಣ್ಣೆ ಕೈಗೆಟುಕದಿದ್ದರೆ ಟೆರಿವುಲ್ (ಉಣ್ಣೆ-ಪಾಲಿಯೆಸ್ಟರ್ ಮಿಶ್ರಣ) ಕೇಳಿ. ಚರ್ಮಕ್ಕೆ ಚುಚ್ಚುತ್ತದೆ ಅನ್ನುವವರು ಮುಂಭಾಗಕ್ಕೆ ಮಂಡಿಯ ಕೆಳಗಿನವರೆಗೆ ಅರ್ಧ ಲೈನಿಂಗ್ ಹಾಕಿಸಿಕೊಳ್ಳಬಹುದು.

ಲಿನನ್ ಸುಕ್ಕುಗಟ್ಟುತ್ತದೆ, ಅದಕ್ಕೆ ಮದ್ದಿಲ್ಲ. ಆ ಸುಕ್ಕು ಸಹಿಸುವವರಿಗೆ ಕರಾವಳಿಯ ಸೆಕೆಯಲ್ಲಿ ಅದೇ ಸುಖ. ಹತ್ತಿಯ ಟ್ವಿಲ್ (ಓರೆ ಗೆರೆಯ ನೇಯ್ಗೆ) ಗಟ್ಟಿ, ಆದರೆ ಹರಿತವಾದ ಕ್ರೀಸ್ ನಿಲ್ಲದು. 2-3 ಶೇಕಡಾ ಲೈಕ್ರಾ ಇದ್ದರೆ ಕೂತು ಏಳಲು ಹಿತ. ಅದಕ್ಕಿಂತ ಹೆಚ್ಚು ಬೇಡ.

ಪರೀಕ್ಷೆ ಸುಲಭ. ಬಟ್ಟೆಯ ಮೂಲೆಯನ್ನು ಮುಷ್ಟಿಯಲ್ಲಿ ಹತ್ತು ಎಣಿಸುವಷ್ಟು ಹೊತ್ತು ಹಿಂಡಿ ಬಿಡಿ. ಗೆರೆಗಳು ಒಂದು ನಿಮಿಷದಲ್ಲಿ ಅರ್ಧದಷ್ಟೂ ಮಾಯವಾಗದಿದ್ದರೆ, ಬಸ್ಸಿನಲ್ಲಿ ಕೂತು ಎದ್ದಾಗ ತೊಡೆಯ ಮೇಲೆ ಅದೇ ಗೆರೆಗಳನ್ನು ನೋಡಬೇಕಾಗುತ್ತದೆ. ಅಂಗಡಿಯವರು ‘ಪ್ಯೂರ್’ ಅಂದದ್ದು ನಂಬಿಕೆಯಾಗದಿದ್ದರೆ ನಾಲ್ಕು ಎಳೆ ನೂಲು ಕೇಳಿ ಪಡೆದು, ಮನೆಯಲ್ಲಿ ಚಿಮುಟದಲ್ಲಿ ಹಿಡಿದು ಸಿಂಕಿನ ಮೇಲೆ ಸುಟ್ಟು ನೋಡಿ. ಉಣ್ಣೆ ಕೂದಲು ಸುಟ್ಟ ವಾಸನೆ ಬರುತ್ತದೆ. ಹತ್ತಿ, ಲಿನನ್, ವಿಸ್ಕೋಸ್ ಕಾಗದದ ಹಾಗೆ ಉರಿದು ಬೂದಿಯಾಗುತ್ತವೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಖಾದಿಯಲ್ಲಿ ಹೊಲಿಸಬಹುದೇ?

ಧಾರಾಳವಾಗಿ. ಆದರೆ ಶರ್ಟಿನ ಖಾದಿ ಬೇಡ, ದಪ್ಪನೆಯದು ನೋಡಿ. ರಾಷ್ಟ್ರಧ್ವಜದ ಬಟ್ಟೆಗೆ ಹೆಸರಾದ ಧಾರವಾಡ ಜಿಲ್ಲೆಯ ಗರಗ, ಹುಬ್ಬಳ್ಳಿಯ ಬೆಂಗೇರಿ ಕಡೆಯವರಿಗೆ ಖಾದಿಯ ದಪ್ಪ-ತೆಳು ಹೇಳಿಕೊಡಬೇಕಿಲ್ಲ. ಹೊಲಿಸುವ ಮುಂಚೆ ರಾತ್ರಿಯಿಡೀ ತಣ್ಣೀರಲ್ಲಿ ನೆನೆಸಿ, ಹಿಂಡದೆ ನೆರಳಲ್ಲಿ ಒಣಗಿಸಿ, ಇಸ್ತ್ರಿ ಮಾಡಿ ಕೊಡಿ. ಹತ್ತಿ ಬಟ್ಟೆ ಮೊದಲ ಒಗೆತಕ್ಕೆ ಶೇಕಡಾ 4 ಕುಗ್ಗಿದರೂ 30 ಇಂಚಿನ ಒಳ ಉದ್ದದಲ್ಲಿ (ಕಾಲು ಕವಲೊಡೆಯುವಲ್ಲಿಂದ ಬಾಟಮ್‌ವರೆಗೆ) 1.2 ಇಂಚು ಹೋಯಿತು. ಪ್ಯಾಂಟು ಹರಡಿನ ಮೇಲೆ ನಿಂತುಬಿಡುತ್ತದೆ. ಖಾದಿ ಅದಕ್ಕಿಂತಲೂ ಹೆಚ್ಚು ಕುಗ್ಗಬಹುದು. ಉಪ್ಪು ನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಅನ್ನುವ ಮಾತನ್ನು ಹೆಚ್ಚು ನೆಚ್ಚಬೇಡಿ. ಬಣ್ಣ ನಿಲ್ಲಬೇಕಾದ್ದು ಬಣ್ಣ ಹಾಕುವಾಗಲೇ.

ಅಂಗಡಿಯಲ್ಲಿ ಕಪ್ಪು ಅಂತ ತಂದದ್ದು ಮನೆಗೆ ಬಂದಾಗ ನೇವಿ ಬ್ಲೂ ಆಗಿತ್ತು. ಏಕೆ?

ಅಂಗಡಿಯ ದೀಪದ ಕೆಲಸ. ಚಿಕ್ಕಪೇಟೆಯ ಇಕ್ಕಟ್ಟಿನ ಅಂಗಡಿಯಾಗಲಿ, ಮಾಲ್ ಆಗಲಿ, ಬಟ್ಟೆಯನ್ನು ಬಾಗಿಲಾಚೆ ಬಿಸಿಲಿಗೆ ಒಯ್ದು ನೋಡದೆ ಕತ್ತರಿಸಲು ಹೇಳಬೇಡಿ. ಯಾರೂ ಬೇಡ ಅನ್ನುವುದಿಲ್ಲ.

ಮೊದಲ ಪ್ಯಾಂಟಿಗೆ ಕಡು ಬೂದು ಒಳ್ಳೆಯದು. ಅದು ಬಿಳಿ, ಕಪ್ಪು, ನೀಲಿ, ಮೆರೂನ್ ಎಲ್ಲದರ ಜೊತೆಗೂ ಹೋಗುತ್ತದೆ, ಕೆಂಪು ಧೂಳೂ ಅಷ್ಟಾಗಿ ಕಾಣುವುದಿಲ್ಲ. ಹತ್ತಿಯ ಕಪ್ಪು ಬೇಗ ಮಾಸುತ್ತದೆ, ಮಾಸಿದ ಕಪ್ಪಿನಷ್ಟು ದರಿದ್ರವಾಗಿ ಕಾಣುವ ಬಣ್ಣ ಇನ್ನೊಂದಿಲ್ಲ.

ಅಳತೆ ಸರಿಯಾಗಿ ಕೊಡುವುದು ಹೇಗೆ?

ಸೊಂಟದ ಅಳತೆ ಸೊಂಟದಲ್ಲೇ ಆಗಬೇಕು ಅಂತಿಲ್ಲ, ಪ್ಯಾಂಟು ಎಲ್ಲಿ ನಿಲ್ಲಬೇಕೋ ಅಲ್ಲಿ ಆಗಬೇಕು. ಹೊಕ್ಕುಳ ಮಟ್ಟದಲ್ಲಿ 34 ಇದ್ದವರಿಗೆ ಎರಡು ಇಂಚು ಕೆಳಗೆ 35.5 ಇರಬಹುದು. ಜಾಗ ಹೇಳದೆ ಬರೀ ಅಂಕಿ ಹೇಳಿದರೆ ಪ್ರಯೋಜನವಿಲ್ಲ.

ಸೀಟಿನ ಅಳತೆಯನ್ನು ಎಲ್ಲಕ್ಕಿಂತ ಹೆಚ್ಚು ಉಬ್ಬಿದ ಜಾಗದಲ್ಲಿ, ಜೇಬಿನಿಂದ ಮೊಬೈಲು, ಪರ್ಸು ತೆಗೆದಿಟ್ಟು ತೆಗೆಯಬೇಕು. ಪರ್ಸು ಸಮೇತ ಅಳೆದು ಒಂದು ಇಂಚು ಹೆಚ್ಚು ಬರೆದದ್ದಕ್ಕೆ ಲೆಕ್ಕವಿಲ್ಲ. ಬಂದ ಅಳತೆಗೆ ಲೂಸ್ ಸೇರಿಸಬೇಕು: ಪ್ಲೀಟ್ ಇಲ್ಲದ್ದಕ್ಕೆ 2ರಿಂದ 2.5 ಇಂಚು, ಸಿಂಗಲ್ ಪ್ಲೀಟಿಗೆ 3ರಿಂದ 4, ಡಬಲ್ ಪ್ಲೀಟಿಗೆ 4ರಿಂದ 5.

ಹೆಚ್ಚಿನವರು ಮರೆಯುವುದು ರೈಸ್, ಅಂದರೆ ಸೊಂಟಪಟ್ಟಿಯ ಮೇಲಂಚಿನಿಂದ ಕಾಲು ಕವಲೊಡೆಯುವ ಜಾಗದವರೆಗಿನ ಎತ್ತರ. ಗಟ್ಟಿ ಕುರ್ಚಿಯ ಮೇಲೆ ನೇರ ಕೂತು, ಪಕ್ಕದಲ್ಲಿ ಸೊಂಟದಿಂದ ಕುರ್ಚಿಯವರೆಗೆ ಟೇಪು ಇಳಿಬಿಡಿ. ಬಂದ ಅಂಕಿಗೆ ಅರ್ಧದಿಂದ ಮುಕ್ಕಾಲು ಇಂಚು ಸೇರಿಸಿದರೆ ರೈಸ್ ಸಿಕ್ಕಿತು. ಪೂರ್ತಿ ಉದ್ದದಿಂದ ಒಳ ಉದ್ದ ಕಳೆದರೂ ಅಷ್ಟೇ ಬರಬೇಕು. ಮಧ್ಯಮ ಎತ್ತರದವರಿಗೆ 8.5-9 ಬಂದರೆ ಪ್ಯಾಂಟು ಸೊಂಟದಿಂದ ಕೆಳಗೆ ಕೂರುತ್ತದೆ, 10ಕ್ಕೆ ಮಾಮೂಲಿ, 11-11.5ಕ್ಕೆ ಹೊಕ್ಕುಳ ಹತ್ತಿರ. ಪ್ಲೇನ್ ಪ್ಯಾಂಟಿಗೆ ನಮ್ಮ ಓಟು ಹನ್ನೊಂದಕ್ಕೆ. ಶರ್ಟು ಒಳಗೆ ಸಿಕ್ಕಿಸಿದರೆ ಹೊರಗೆ ಬರುವುದಿಲ್ಲ, ಕಾಲು ಉದ್ದ ಕಾಣುತ್ತದೆ, ಬಗ್ಗಿದಾಗ ಬೆನ್ನು ಕಾಣುವ ಮುಜುಗರವೂ ಇಲ್ಲ.

ಬಾಟಮ್ ವಿಷಯದಲ್ಲಿ ಒಂದು ಎಚ್ಚರಿಕೆ. ಕೆಲವು ಟೈಲರುಗಳು ಸುತ್ತಳತೆ ಬರೆಯುತ್ತಾರೆ, ಕೆಲವರು ಚಪ್ಪಟೆ ಇಟ್ಟು ಅಳೆದದ್ದನ್ನು. 16 ಮತ್ತು 8 ಒಂದೇ ಪ್ಯಾಂಟಿನ ಬಾಟಮ್. ‘ಸುತ್ತಳತೆ’ ಅಂತ ಬಾಯಿಬಿಟ್ಟು ಹೇಳಿ, ಚೀಟಿಯಲ್ಲಿ ಬರೆಸಿ. ಇವತ್ತಿನ ನೇರ ಕಾಲಿಗೆ 15ರಿಂದ 16.5, ಅಗಲ ಕಾಲಿಗೆ 18ರಿಂದ 21. ಹದಿಮೂರಕ್ಕಿಂತ ಕಡಿಮೆ ಮಾಡಿಸಿದರೆ ಬಟ್ಟೆ ಮೀನಖಂಡಕ್ಕೆ ಸಿಕ್ಕಿಕೊಂಡು ಕ್ರೀಸ್ ಸೊಟ್ಟಗಾಗುತ್ತದೆ.

ಹಳೇ ಪ್ಯಾಂಟು ಅಳತೆಗೆ ಕೊಟ್ಟರೆ ಸಾಲದೇ?

ಅದರ ತಪ್ಪುಗಳೂ ಹೊಸದಕ್ಕೆ ಬರುತ್ತವೆ. ಕೊಡುವುದಾದರೆ ಕೊಡಿ, ಜೊತೆಗೆ ಏನು ಬದಲಾಗಬೇಕು ಅಂತ ಇಂಚಿನಲ್ಲಿ ಹೇಳಿ: ‘ಇದೇ ಪ್ಯಾಂಟು, ತೊಡೆಗೆ ಒಂದು ಇಂಚು ಜಾಸ್ತಿ, ರೈಸ್ ಮುಕ್ಕಾಲು ಇಂಚು ಜಾಸ್ತಿ.’ ಲೈಕ್ರಾ ಇರುವ ಪ್ಯಾಂಟಿನ ಅಳತೆಯಲ್ಲಿ ಲೈಕ್ರಾ ಇಲ್ಲದ ಬಟ್ಟೆ ಹೊಲಿಸಿದರೆ ಕೂರುವಾಗ ಹೊಲಿಗೆ ಬಿಡುತ್ತದೆ.

ಟೈಲರಿಗೆ ಏನೇನು ಹೇಳಬೇಕು? ಫೋಟೊ ತೋರಿಸಿದರೆ ಆಗುವುದಿಲ್ಲವೇ?

ಫೋಟೊದಲ್ಲಿ ಇಂಚು ಕಾಣುವುದಿಲ್ಲ. ‘ಸ್ವಲ್ಪ ಮಾಡರ್ನ್ ಆಗಿ’ ಅಂದರೆ ಟೈಲರಣ್ಣ ತನಗೆ ತೋಚಿದ ಮಾಡರ್ನ್ ಹೊಲಿಯುತ್ತಾರೆ, ಅದು ಬಹುಪಾಲು ಹತ್ತು ವರ್ಷ ಹಿಂದಿನ ಬಿಗಿ ಪ್ಯಾಂಟು. ಚೀಟಿ ಬರೆದುಕೊಂಡು ಹೋಗಿ. 5 ಅಡಿ 8 ಇಂಚು ಎತ್ತರದ, ಸೀಟು 38 ಇರುವವರ ಚೀಟಿ ಹೀಗಿರಬಹುದು:

ಸೊಂಟ 32, ಹೊಕ್ಕುಳಿಗಿಂತ ಒಂದು ಇಂಚು ಕೆಳಗೆ. ಸೀಟು 38, ಲೂಸ್ 3. ರೈಸ್ 11. ತೊಡೆ 25, ಮಂಡಿ 18.5, ಬಾಟಮ್ ಸುತ್ತಳತೆ 16. ಒಳ ಉದ್ದ 29.5. ಎರಡೂ ಕಡೆ ಒಂದೊಂದು ಪ್ಲೀಟ್, ಜೇಬಿನ ಕಡೆ ಮುಖ. ಜೇಬು ಸೈಡ್ ಹೊಲಿಗೆಯಲ್ಲೇ. ಹಿಂದೆ ಬಲಕ್ಕೆ ಒಂದೇ ಡಬಲ್ ಬೋನ್ ಜೇಬು, ಮುಚ್ಚಳ ಬೇಡ. ಬೆಲ್ಟ್ 1.5 ಇಂಚು, ಹುಕ್ಕು ಒಳಗೆ, ಗುಂಡಿ ಹೊರಗೆ ಬೇಡ. ಎಲ್ಲೂ ಮೇಲೆ ಹೊಲಿಗೆ ಕಾಣಬಾರದು. ಹಿಂದಿನ ನಡು ಹೊಲಿಗೆಯಲ್ಲಿ 1.5 ಇಂಚು ಮಾರ್ಜಿನ್, ಹಿಂದಿನ ತುಂಡಿನ ಒಳಹೊಲಿಗೆಯಲ್ಲೂ ಮಾರ್ಜಿನ್ ಇರಲಿ. ಬಾಟಮ್ ಒಳಗೆ 2.5 ಇಂಚು, ಕೈಹೊಲಿಗೆ.

ಡಬಲ್ ಬೋನ್ ಅಂದರೆ ಬಾಯಿಯ ಎರಡೂ ಅಂಚಿಗೆ ತೆಳು ಪಟ್ಟಿ ಕೂರಿಸಿದ ಜೇಬು, ಮಾರ್ಜಿನ್ ಅಂದರೆ ಮುಂದೆ ಬಿಡಿಸಿಕೊಳ್ಳಲು ಹೊಲಿಗೆಯೊಳಗೆ ಉಳಿಸುವ ಬಟ್ಟೆ. ಟೈಲರ್ ಮಾತಿನಲ್ಲಿ ಬೆಲ್ಟ್ ಅಂದರೆ ಚರ್ಮದ್ದಲ್ಲ, ಸೊಂಟಪಟ್ಟಿ. ಅದನ್ನು ಹಿಂದೆ ನಡುವೆ ಜೋಡಿಸುವಂತೆ ಎರಡು ತುಂಡಿನಲ್ಲಿ ಮಾಡಲು ಹೇಳಿ. ಒಂದೇ ತುಂಡಾದರೆ ಮುಂದೆ ಸೊಂಟ ಹಿಗ್ಗಿದಾಗ, ಹಿಗ್ಗಿಯೇ ಹಿಗ್ಗುತ್ತದೆ, ಪಟ್ಟಿ ಪೂರ್ತಿ ಬಿಚ್ಚಬೇಕಾಗುತ್ತದೆ. ಪಟ್ಟಿ ಬಿಗಿಯಾಗಿ ನಿಲ್ಲಲು ಒಳಗೆ ಹಾಕುವ ಗಟ್ಟಿ ಬಟ್ಟೆ, ಅಂದರೆ ಬಕ್ರಂ, ಅಗ್ಗದ್ದಾದರೆ ನಾಲ್ಕು ಒಗೆತಕ್ಕೆ ಗುಳ್ಳೆ ಏಳುತ್ತದೆ. ಹತ್ತು ಇಪ್ಪತ್ತು ರೂಪಾಯಿ ಹೆಚ್ಚಾದರೂ ಒಳ್ಳೆಯದು ಹಾಕಿಸಿ. ತಿಳಿಬಣ್ಣದ ಪ್ಯಾಂಟಿಗೆ ಜೇಬಿನ ಬಟ್ಟೆ ಬಿಳಿ ಬೇಡ, ಮೈಬಣ್ಣದ್ದು ಹಾಕಿಸಿ. ವಿಚಿತ್ರ ಅನ್ನಿಸಿದರೂ ಹೊರಗೆ ಕಾಣದಿರುವುದು ಅದೇ.

ಇನ್ನೊಂದು ಮಾತು. ದೀಪಾವಳಿ, ಯುಗಾದಿ, ಮದುವೆ ಸೀಸನ್ ಮುಂದಿಟ್ಟುಕೊಂಡು ಹೊಸ ಬಗೆಯ ಪ್ಯಾಂಟು ಕೊಡಬೇಡಿ. ‘ನಾಳೆ ಬಾ’ ಅಂತ ಮನೆ ಬಾಗಿಲಿಗೆ ಬರೆದು ದೆವ್ವ ಓಡಿಸುತ್ತಿದ್ದರಂತೆ. ಆ ತಿಂಗಳುಗಳಲ್ಲಿ ಟೈಲರ್ ಅಂಗಡಿಯಲ್ಲಿ ಗಿರಾಕಿಗೂ ಅದೇ ಗತಿ.

ಪ್ಲೀಟ್ ಹಾಕಿಸಿದರೆ ದಪ್ಪಗೆ ಕಾಣುವುದಿಲ್ಲವೇ?

ಪ್ಲೀಟ್ ಬಾಯಿ ಬಿಟ್ಟರೆ ಕಾಣುತ್ತದೆ, ಮುಚ್ಚಿದ್ದರೆ ಇಲ್ಲ. ಬಿಗಿ ಸೀಟಿನ ಪ್ಯಾಂಟಿಗೆ ಪ್ಲೀಟ್ ಸೇರಿಸಿದಾಗ ಅದು ಎಳೆದುಕೊಂಡು ತೆರೆಯುತ್ತದೆ, ಅಲ್ಲಿಂದಲೇ ಈ ಅಪವಾದ ಬಂದದ್ದು. ಲೂಸ್ ಸರಿಯಿದ್ದು ಸೊಂಟ ಮೇಲಿದ್ದರೆ ಪ್ಲೀಟ್ ಹೊಟ್ಟೆ ಇರುವವರಿಗೇ ಹೆಚ್ಚು ಅನುಕೂಲ.

ಹೆಂಗಸರ ಪ್ಯಾಂಟು ಎಲ್ಲಿ ಹೊಲಿಸಬೇಕು? ಬ್ಲೌಸ್ ಹೊಲಿಯುವವರು ಆಗಲ್ಲ ಅನ್ನುತ್ತಾರೆ.

ಅವರು ಹೇಳುವುದು ನಿಜವೇ. ಪ್ಯಾಂಟಿನ ಜಿಪ್, ಬೆಲ್ಟ್, ಕವಲಿನ ಕಟಿಂಗ್ ಬೇರೆಯದೇ ವಿದ್ಯೆ. ಜೆಂಟ್ಸ್ ಟೈಲರ್ ಹತ್ತಿರ ಹೋಗಿ, ಎರಡು ಮಾತು ಸೇರಿಸಿ. ಮೊದಲನೆಯದು, ಸೊಂಟಕ್ಕೂ ಸೀಟಿಗೂ 10-12 ಇಂಚು ಅಂತರವಿದ್ದರೆ ಹಿಂದೆ ಎರಡೂ ಕಡೆ ಎರಡೆರಡು ಡಾರ್ಟ್ (ಬಟ್ಟೆಯನ್ನು ಒಳಕ್ಕೆ ಹಿಡಿದು ಹೊಲಿಯುವ ಚೂಪು ಮಡಿಕೆ) ಬೇಕು, ಬೆಲ್ಟ್ ನೇರ ಪಟ್ಟಿಯಾಗದೆ ಬಾಗಿದ್ದಾಗಿರಬೇಕು. ನೇರ ಪಟ್ಟಿ ಹಾಕಿದರೆ ಬೆನ್ನ ಹಿಂದೆ ಬಾಯಿ ಬಿಡುತ್ತದೆ. ಎರಡನೆಯದು ಜೇಬು. ಕಂಪನಿಗಳು ಹೆಂಗಸರ ಪ್ಯಾಂಟಿಗೆ ಜೇಬಿನ ಹೆಸರಲ್ಲಿ ಒಂದು ಗೀರು ಹಾಕಿ ಕೈತೊಳೆದುಕೊಳ್ಳುತ್ತವೆ. ಹೊಲಿಸುವಾಗ ಆ ಸಿಟ್ಟು ತೀರಿಸಿಕೊಳ್ಳಿ: ಬಾಯಿ 6.5 ಇಂಚು, ಆಳ 11 ಇಂಚು, ಚೀಲದ ಮೇಲಂಚು ಬೆಲ್ಟಿಗೆ ಸೇರಿರಬೇಕು. ಸೇರಿಸದಿದ್ದರೆ ಮೊಬೈಲಿನ ಭಾರಕ್ಕೆ ಚೀಲ ಜೋತು ತೊಡೆಯ ಮೇಲೆ ಉಬ್ಬು ಕಾಣುತ್ತದೆ.

ಅಳತೆ ಕೊಡಲು ಮುಜುಗರವಾದರೆ ಮನೆಯಲ್ಲೇ ಯಾರಿಂದಾದರೂ ತೆಗೆಸಿ ಬರೆದುಕೊಂಡು ಹೋಗಿ. ಅನುಭವಿ ಟೈಲರಿಗೆ ಅಂಕಿ ಸಾಕು.

ಟ್ರಯಲ್‌ನಲ್ಲಿ ಏನು ನೋಡಬೇಕು? ಸುಕ್ಕು ಬಂದರೆ ಇಸ್ತ್ರಿಯಲ್ಲಿ ಹೋಗುತ್ತದೆ ಅನ್ನುತ್ತಾರೆ.

ಕೆಲವು ಹೋಗುತ್ತವೆ, ಮುಖ್ಯವಾದವು ಹೋಗುವುದಿಲ್ಲ. ಬಾಟಮ್ ಮಡಿಸುವ ಮುಂಚೆಯೇ ಟ್ರಯಲ್ ಬೇಕು ಅಂತ ಮೊದಲೇ ಹೇಳಿಡಿ. ದಿನಾ ಹಾಕುವ ಚಪ್ಪಲಿ ಅಥವಾ ಶೂ ಹಾಕಿಕೊಂಡೇ ಹೋಗಿ.

ಜಿಪ್ಪಿನ ಬುಡದಿಂದ ತೊಡೆಗಳ ಕಡೆಗೆ ಬೀಸಣಿಗೆ ಹಾಗೆ ಗೆರೆ ಹರಡಿದ್ದರೆ ಕವಲಿನಲ್ಲಿ ಬಿಗಿ. ಹಿಂದಿನ ತುಂಡಿನ ಒಳಹೊಲಿಗೆ ಬಿಚ್ಚಿ ಮಾರ್ಜಿನ್‌ನಿಂದ ಅರ್ಧ ಇಂಚು ಬಿಡಿಸಬೇಕು. ಮಾರ್ಜಿನ್ ಇಲ್ಲದಿದ್ದರೆ ಅಲ್ಲಿಗೆ ಮುಗಿಯಿತು. ಅದಕ್ಕೇ ಚೀಟಿಯಲ್ಲಿ ಬರೆಸಿದ್ದು.

ಸೀಟಿನ ಕೆಳಗೆ ಬಟ್ಟೆ ಎರಡು ಮಡಿಕೆಯಾಗಿ ಜೋತಿದ್ದರೆ ಹಿಂಭಾಗದ ಉದ್ದ ಹೆಚ್ಚಾಗಿದೆ. ಬೆಲ್ಟನ್ನು ಹಿಂದೆ ಎರಡು ಬೆರಳಲ್ಲಿ ಹಿಡಿದು ಅರ್ಧ ಇಂಚು ಮೇಲಕ್ಕೆ ಎತ್ತಿ. ಮಡಿಕೆ ಮಾಯವಾಯಿತೇ? ಹಾಗಾದರೆ ಟೈಲರು ಬೆಲ್ಟ್ ಬಿಚ್ಚಿ ಅಷ್ಟೇ ಬಟ್ಟೆ ಮೇಲಕ್ಕೆ ತೆಗೆದುಕೊಂಡರೆ ಸರಿಹೋಗುತ್ತದೆ. ಅರ್ಧ ಗಂಟೆಯ ಕೆಲಸ, ಆದರೆ ಕೇಳದಿದ್ದರೆ ಯಾರೂ ಮಾಡುವುದಿಲ್ಲ.

ಸೈಡ್ ಜೇಬು ಕಿವಿಯ ಹಾಗೆ ತೆರೆದು ನಿಂತರೆ ಸೀಟು ಬಿಗಿ ಅಂತ ಅರ್ಥ. ಜೇಬಿನ ಬಾಯಿ ಹೊಲಿದು ಮುಚ್ಚಿಸುವುದು ಮದ್ದಲ್ಲ. ಎಳೆತ ಬೇರೆ ಕಡೆ ಸುಕ್ಕಾಗಿ ಏಳುತ್ತದೆ. ಸೀಟು ಬಿಡಿಸಿ.

ಮುಂದಿನ ಕ್ರೀಸ್ ಮಂಡಿಯ ನಡುವೆ ಇಳಿದು ಪಾದದ ನಡುವೆ ಬೀಳಬೇಕು. ಅದು ಒಳಕ್ಕೋ ಹೊರಕ್ಕೋ ತಿರುಗಿದ್ದರೆ ಎರಡು ಕಾರಣ ಇರಬಹುದು. ಹಿಂದು-ಮುಂದಿನ ತುಂಡುಗಳನ್ನು ಜೋಡಿಸುವಾಗ ಒಂದನ್ನು ಹೆಚ್ಚು ಎಳೆದಿದ್ದರೆ ಸೈಡ್ ಹೊಲಿಗೆ ಬಿಚ್ಚಿ ಮತ್ತೆ ಹಾಕಬಹುದು. ಬಟ್ಟೆಯ ಹಾಸು ನೂಲಿನ (ಉದ್ದಕ್ಕೆ ಓಡುವ ನೂಲಿನ) ಗುಂಟ ಕತ್ತರಿಸದೆ ಓರೆಯಾಗಿ ಕತ್ತರಿಸಿದ್ದರೆ ದೇವರೇ ಬಂದರೂ ಆಗದು. 1.5 ಮೀಟರ್ ಬೇಕಾದ ಕಡೆ 1.2 ತಂದು ‘ಹೇಗಾದರೂ ಹೊಂದಿಸಿ’ ಅಂದಾಗ ಹೀಗಾಗುವುದು ಹೆಚ್ಚು. ಅಲ್ಲಿ ತಪ್ಪು ಟೈಲರದ್ದಲ್ಲ.

ಆಮೇಲೆ ಕುಳಿತು ನೋಡಿ. ಬೆಲ್ಟ್ ಹಿಂದೆ ಒಂದು ಇಂಚಿಗಿಂತ ಹೆಚ್ಚು ಕೆಳಗೆ ಜಾರಿದರೆ ಹಿಂದಿನ ರೈಸ್ ಗಿಡ್ಡ. ಎರಡು ಮೆಟ್ಟಿಲು ಹತ್ತಿ ನೋಡಿ. ಅಂಗಡಿಯ ಕನ್ನಡಿಯ ಮುಂದೆ ಉಸಿರು ಬಿಗಿಹಿಡಿದು ನಿಂತರೆ ಎಲ್ಲ ಪ್ಯಾಂಟೂ ಚೆನ್ನಾಗಿಯೇ ಕಾಣುತ್ತದೆ.

ಬಾಟಮ್ ಎಲ್ಲಿಯವರೆಗೆ ಬರಬೇಕು?

ಶೂ ಹಾಕುವವರಿಗೆ ಬಟ್ಟೆ ಶೂವಿನ ಮೇಲ್ಭಾಗವನ್ನು ಈಗಷ್ಟೇ ಮುಟ್ಟಿದ ಹಾಗಿರಲಿ. ಮುಂದೆ ಮಡಿಕೆ ಬೀಳಬಾರದು. ಹಿಂದೆ ಅರ್ಧ ಇಂಚು ಇಳಿಸಿ ಓರೆಯಾಗಿ ಮಡಿಸಿದರೆ ನಡೆಯುವಾಗ ಸಾಕ್ಸ್ ಕಾಣುವುದಿಲ್ಲ. ಕಫ್ ಇದ್ದರೆ ಓರೆ ಮಡಿಕೆ ಬರುವುದಿಲ್ಲ. ಅಗಲ ಕಾಲಿನ ಪ್ಯಾಂಟು ಹಿಮ್ಮಡಿಯ ಹತ್ತಿರ ನೆಲದಿಂದ ಅರ್ಧ ಇಂಚು ಮೇಲಿರಬೇಕು, ಇಲ್ಲವಾದರೆ ಮಳೆಗಾಲದಲ್ಲಿ ಬೀದಿಯ ಕೆಸರೆಲ್ಲ ಮನೆಗೆ ಬರುತ್ತದೆ.

ಚಪ್ಪಲಿ ಹಾಕುವವರು ಹರಡಿನ ಎಲುಬಿಗೆ ಸರಿಯಾಗಿ ನಿಲ್ಲಿಸಬಹುದು. ಕೊಲ್ಹಾಪುರಿ ಈ ಉದ್ದಕ್ಕೆ ಹೇಳಿ ಮಾಡಿಸಿದ ಜೋಡಿ. ಹೆಸರು ಕೊಲ್ಹಾಪುರದ್ದಾದರೂ ಅಥಣಿ, ನಿಪ್ಪಾಣಿಗಳಲ್ಲೂ ತಯಾರಾಗುತ್ತದೆ. 2019ರ ಭೌಗೋಳಿಕ ಸೂಚಿಕೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಸೇರಿವೆ.

ರೆಡಿಮೇಡ್ ಪ್ಯಾಂಟನ್ನು ಎಷ್ಟರ ಮಟ್ಟಿಗೆ ಆಲ್ಟರ್ ಮಾಡಿಸಬಹುದು?

ಸೊಂಟ ಸಣ್ಣ ಮಾಡುವುದು 1.5 ಇಂಚಿನವರೆಗೆ. ಅದಕ್ಕೂ ಹೆಚ್ಚಾದರೆ ಹಿಂದಿನ ಎರಡು ಜೇಬುಗಳು ಒಂದನ್ನೊಂದು ಮುಟ್ಟುವಷ್ಟು ಹತ್ತಿರ ಬರುತ್ತವೆ. ದೊಡ್ಡದು ಮಾಡುವುದು ಒಳಗೆ ಎಷ್ಟು ಬಟ್ಟೆ ಬಿಟ್ಟಿದ್ದಾರೋ ಅಷ್ಟೇ, ಕೊಳ್ಳುವಾಗಲೇ ತಿರುವಿ ನೋಡಿ. ಮಂಡಿಯಿಂದ ಕೆಳಗೆ ಕಿರಿದು ಮಾಡಬಹುದು. ರೈಸ್ ಹೆಚ್ಚಿಸಲು, ತೊಡೆ ಹಿಗ್ಗಿಸಲು ಹೋಗಬೇಡಿ.

ಇಸ್ತ್ರಿ ಮಾಡಿಸಿದ ಮೇಲೆ ಹೊಲಿಗೆಯ ಮೇಲೆ ಬೆಳ್ಳಗೆ ಹೊಳೆಯುತ್ತದೆ. ಏಕೆ?

ಬಿಸಿ ಲೋಹ ನೇರ ಬಟ್ಟೆಗೆ ತಗುಲಿ ಎಳೆಗಳು ಚಪ್ಪಟೆಯಾಗಿವೆ. ಉಣ್ಣೆಯಾದರೆ ಒದ್ದೆ ಬಟ್ಟೆ ಹಾಸಿ ಹಬೆ ಕೊಟ್ಟರೆ ಸ್ವಲ್ಪ ಸರಿಹೋಗುತ್ತದೆ. ಪಾಲಿಯೆಸ್ಟರ್ ಆದರೆ ಆ ಹೊಳಪು ಶಾಶ್ವತ. ಕಡುಬಣ್ಣದ ಪ್ಯಾಂಟನ್ನು ಒಳಮಗ್ಗುಲು ತಿರುವಿ ಇಸ್ತ್ರಿ ಮಾಡಿ, ಹೊರಗಡೆ ಮಾಡಬೇಕಾದಾಗ ಹಳೇ ಪಂಚೆಯ ತುಂಡು ಒದ್ದೆ ಮಾಡಿ ಮೇಲೆ ಹಾಸಿ. ಇಸ್ತ್ರಿ ಪೆಟ್ಟಿಗೆಯ ಎರಡು ಚುಕ್ಕಿ ಅಂದರೆ 150 ಡಿಗ್ರಿ, ಉಣ್ಣೆ ಮತ್ತು ಪಾಲಿಯೆಸ್ಟರಿಗೆ ಅದೇ ಗರಿಷ್ಠ. ಮೂರು ಚುಕ್ಕಿ, 200 ಡಿಗ್ರಿ, ಹತ್ತಿ-ಲಿನನ್‌ಗೆ. ಕೆಂಡದ ಪೆಟ್ಟಿಗೆಗೆ ಚುಕ್ಕಿಯಿಲ್ಲ, ಆದ್ದರಿಂದ ಉಣ್ಣೆಯ ಪ್ಯಾಂಟನ್ನು ಬೀದಿಯ ಇಸ್ತ್ರಿ ಗಾಡಿಗೆ ಕೊಡದಿದ್ದರೆ ಕ್ಷೇಮ.

ಕ್ರೀಸ್ ಹಾಕುವಾಗ ಒಂದು ಕಾಲನ್ನು ಮಂಚದ ಮೇಲೆ ಮಲಗಿಸಿ ಒಳಹೊಲಿಗೆಯನ್ನು ಸೈಡ್ ಹೊಲಿಗೆಯ ಮೇಲೆ ಸರಿಯಾಗಿ ಕೂರಿಸಿ, ಬಾಟಮ್‌ನಿಂದ ಮಂಡಿಯವರೆಗೆ. ಒದ್ದೆ ಬಟ್ಟೆಯ ಮೇಲೆ ಎಂಟು-ಹತ್ತು ಸೆಕೆಂಡು ಒತ್ತಿ, ಎತ್ತಿ, ಮುಂದಿನ ಜಾಗಕ್ಕೆ ಇಡಿ, ಉಜ್ಜಬೇಡಿ. ಮಂಡಿಯ ಮೇಲೆ ಕ್ರೀಸ್ ಮೊದಲ ಪ್ಲೀಟಿಗೆ ಹೋಗಿ ಸೇರಬೇಕು, ಪ್ಲೀಟ್ ಇಲ್ಲದಿದ್ದರೆ ಬೆಲ್ಟಿಗಿಂತ ಮೂರು-ನಾಲ್ಕು ಇಂಚು ಕೆಳಗೇ ನಿಲ್ಲಬೇಕು. ಮುಗಿದ ಮೇಲೆ ಬಿಸಿ ಆರುವವರೆಗೆ ಎತ್ತಬೇಡಿ. ಕ್ರೀಸ್ ಗಟ್ಟಿಯಾಗುವುದು ಆರುವಾಗ.

ಒಗೆಯುವುದು, ಮಳೆಗಾಲದಲ್ಲಿ ಇಡುವುದು ಹೇಗೆ?

ಹತ್ತಿ, ಪಾಲಿಯೆಸ್ಟರ್-ವಿಸ್ಕೋಸ್ ಪ್ಯಾಂಟಿನ ಒಳಮಗ್ಗುಲು ತಿರುವಿ, ಜಿಪ್ ಎಳೆದು, ಹುಕ್ಕು ಹಾಕಿ ತಣ್ಣೀರಲ್ಲಿ ಒಗೆಯಿರಿ. ಮಷಿನ್ನಿನಲ್ಲಿ ನಿಮಿಷಕ್ಕೆ 600-800 ಸುತ್ತಿಗಿಂತ ಹೆಚ್ಚು ಹಿಂಡಿಸಬೇಡಿ. ಬಾಟಮ್ ಮೇಲಾಗಿ ಕ್ಲಿಪ್ ಹಾಕಿ ನೇತುಹಾಕಿದರೆ ಬೆಲ್ಟಿನ ಭಾರಕ್ಕೆ ಅರ್ಧ ಸುಕ್ಕು ತಾನೇ ಇಳಿಯುತ್ತದೆ. ಉಣ್ಣೆಯನ್ನು ಪ್ರತಿ ಸಲ ಡ್ರೈಕ್ಲೀನಿಗೆ ಕೊಡುವುದು ಬೇಡ. ಒಂದು ದಿನ ಹಾಕಿದರೆ ಒಂದು ದಿನ ಗಾಳಿಗೆ ಬಿಟ್ಟು, ಮೃದು ಬ್ರಷ್ಷಿನಲ್ಲಿ ಧೂಳು ತೆಗೆದರೆ ಸಾಕು.

ಮಲೆನಾಡು, ಕರಾವಳಿಯವರಿಗೆ ಬೂಷ್ಟಿನ ಕಾಟ. ಅರೆ ಒಣಗಿದ್ದನ್ನು ಬೀರುವಿನಲ್ಲಿಟ್ಟರೆ ವಾರದೊಳಗೆ ಬಿಳಿ ಚುಕ್ಕೆ ಬೀಳುತ್ತದೆ. ಡ್ರೈಕ್ಲೀನ್ ಅಂಗಡಿಯ ಪ್ಲಾಸ್ಟಿಕ್ ಕವರ್ ಮನೆಗೆ ಬಂದ ಕೂಡಲೇ ತೆಗೆದುಹಾಕಿ, ಹಳೇ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿಡಿ. ಬಿಸಿಲು ಕಂಡ ದಿನ ಬೀರು ಬಾಗಿಲು ತೆರೆದಿಡಿ.

ತೊಡೆ ಉಜ್ಜಿ ಬಟ್ಟೆ ಬೇಗ ಸವೆಯುತ್ತದೆ. ಏನಾದರೂ ಉಪಾಯ ಇದೆಯೇ?

ಕವಲಿನ ಒಳಗೆ, ನಾಲ್ಕು ಹೊಲಿಗೆ ಕೂಡುವಲ್ಲಿ, ಅಂಗೈಯಷ್ಟು ತೆಳು ಹತ್ತಿ ಬಟ್ಟೆಯ ಪಟ್ಟಿಯನ್ನು ಹೊಸದರಲ್ಲೇ ಹಾಕಿಸಿ. ಸವೆದ ಮೇಲೆ ತೇಪೆ ಹಾಕಿದರೆ ಹೊಲಿಗೆಯ ಅಂಚಿನಲ್ಲಿ ಮತ್ತೆ ಹರಿಯುತ್ತದೆ. ತೊಡೆಗೆ ಲೂಸ್ ಕಡಿಮೆ ಇದ್ದರೆ ಉಜ್ಜುವುದು ಹೆಚ್ಚು, ಒಂದು ಇಂಚು ಬಿಟ್ಟರೆ ಪ್ಯಾಂಟಿನ ಆಯಸ್ಸು ಬೆಳೆಯುತ್ತದೆ.

ಮೇಲೆ ಏನು ಹಾಕಬೇಕು? ಎಲ್ಲ ಪ್ಲೇನ್ ಆದರೆ ಸಪ್ಪೆ ಅಲ್ಲವೇ?

ಪ್ಯಾಂಟು ಸುಮ್ಮನಿದ್ದರೆ ಮೇಲಿನದು ಮಾತಾಡಬಹುದು. ಗುಳೇದಗುಡ್ಡ ಖಣದ ಕುಪ್ಪಸವನ್ನು ಕಡು ಬೂದು ಅಗಲ ಕಾಲಿನ ಪ್ಯಾಂಟಿನ ಮೇಲೆ ಹಾಕಿ ನೋಡಿ. ಗಂಡಸರಿಗೆ ಮಂಡಿಗಿಂತ ಮೇಲೆ ನಿಲ್ಲುವ ಬಿಳಿ ಖಾದಿ ಜುಬ್ಬ, ನೇರ ಕಾಲಿನ ಪ್ಯಾಂಟು ಒಳ್ಳೆಯ ಜೋಡಿ. ಉದ್ದ ಜುಬ್ಬದ ಕೆಳಗೆ ಅಗಲ ಕಾಲು ಮಾತ್ರ ಬೇಡ, ಎರಡೂ ಸೇರಿ ಪರದೆ ಕಟ್ಟಿದ ಹಾಗಾಗುತ್ತದೆ.

ಒಮ್ಮೆಗೇ ಮೂರು ಹೊಲಿಸಲೇ?

ಬೇಡ. ಒಂದು ಹೊಲಿಸಿ, ಎರಡು ಸಲ ಒಗೆದು, ಹದಿನೈದು ದಿನ ಹಾಕಿ ನೋಡಿ. ತಪ್ಪಿದ್ದನ್ನು ಅದೇ ಚೀಟಿಯಲ್ಲಿ ತಿದ್ದಿ, ಅದೇ ಟೈಲರಿಗೆ ಕೊಡಿ. ಚೀಟಿಯ ಫೋಟೊ ಮೊಬೈಲಿನಲ್ಲಿರಲಿ. ಅವರ ಅಳತೆ ಪುಸ್ತಕ ಹೊಸ ವರ್ಷಕ್ಕೆ ಬದಲಾಗುತ್ತದೆ, ಹಳೆಯದು ಅಟ್ಟ ಸೇರುತ್ತದೆ.